ಗೇಮ್‌ಗಳ ದನಿ ಕಲಾವಿದರಿಗೆ ಸಲ್ಲಬೇಕಾದದ್ದು ಗಂಟೆಯ ಕೂಲಿಯೇ, ಬಳಕೆಯ ಪಾಲೇ?

ದನಿಪೆಟ್ಟಿಗೆ (ಚರ್ಚೆಯ ಆರಂಭ)

ಅಮೆರಿಕದ ನಟನಟಿಯರ ಸಂಘವಾದ ಸ್ಯಾಗ್-ಆಫ್ಟ್ರಾ ವಿಡಿಯೊ ಗೇಮ್ ಕಂಪನಿಗಳ ವಿರುದ್ಧ 2024ರ ಜುಲೈ 26ರಂದು ಹೂಡಿದ ಮುಷ್ಕರ 2025ರ ಜೂನ್ 11ರಂದು ನಿಂತಿತು. ಮರುತಿಂಗಳು ಸದಸ್ಯರು ಶೇ 95ರಷ್ಟು ಮತಗಳಿಂದ ಹೊಸ ಒಪ್ಪಂದವನ್ನು ಅಂಗೀಕರಿಸಿದರು. ಆ ಹತ್ತೂವರೆ ತಿಂಗಳಲ್ಲಿ ಆಟಗಾರರಾದ ನಾವು ಹೆಚ್ಚಾಗಿ ಗಮನಿಸಿದ್ದು ಗೆನ್‌ಶಿನ್ ಇಂಪ್ಯಾಕ್ಟ್‌ನಂತಹ ಆಟಗಳಲ್ಲಿ ಕೆಲವು ಪಾತ್ರಗಳ ಇಂಗ್ಲಿಷ್ ಮಾತು ಇದ್ದಕ್ಕಿದ್ದಂತೆ ನಿಂತುಹೋದದ್ದನ್ನು. ಪಾತ್ರ ಏಕೆ ಮೌನವಾಯಿತು ಎಂದು ಕೇಳಿದವರು ಬಹಳ, ಆ ಮೌನದ ಹಿಂದಿನ ಲೆಕ್ಕವನ್ನು ಕೇಳಿದವರು ಕಡಿಮೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಈ ಜಗಳಕ್ಕೆ ಇಪ್ಪತ್ತು ವರ್ಷಗಳ ಬೇರಿದೆ. 2005ರಲ್ಲಿ, ಸ್ಯಾಗ್ ಮತ್ತು ಆಫ್ಟ್ರಾ ಇನ್ನೂ ಎರಡು ಬೇರೆ ಸಂಘಗಳಾಗಿದ್ದಾಗ, ಸಿನಿಮಾ ಮತ್ತು ಟಿವಿಯಲ್ಲಿ ಮರುಪ್ರಸಾರವಾದಂತೆಲ್ಲ ನಟರಿಗೆ ಸಿಗುವ ಪಾಲು ಗೇಮ್‌ಗಳಲ್ಲಿಯೂ ಬೇಕೆಂದು ಅವು ಕೇಳಿದವು. ಸಿಗಲಿಲ್ಲ. ಅದರ ಬದಲು ನಾಲ್ಕು ಗಂಟೆಯ ಒಂದು ಸೆಷನ್‌ನ ಕನಿಷ್ಠ ದರ ಸುಮಾರು 556 ಡಾಲರ್‌ನಿಂದ 695 ಡಾಲರ್‌ಗೆ ಏರಿತು. ಆ ಹಣಕ್ಕೆ ಮೂರು ಪಾತ್ರಗಳವರೆಗೆ ದನಿ ಕೊಡಬೇಕಿತ್ತು. ಮೂರು ವರ್ಷಗಳ ನಂತರ, 2008ರಲ್ಲಿ, ಗ್ರ್ಯಾಂಡ್ ಥೆಫ್ಟ್ ಆಟೊ 4 ಬಿಡುಗಡೆಯಾಗಿ ಮೊದಲ ವಾರದಲ್ಲಿಯೇ ಸುಮಾರು 50 ಕೋಟಿ ಡಾಲರ್ ಗಳಿಸಿತು. ಅದರ ನಾಯಕ ನಿಕೊ ಬೆಲ್ಲಿಕ್‌ಗೆ ದನಿ ಮತ್ತು ಚಲನೆ ಎರಡನ್ನೂ ಕೊಟ್ಟ ಮೈಕೆಲ್ ಹಾಲಿಕ್ ಅವರಿಗೆ ಹದಿನೈದು ತಿಂಗಳ ಅವಧಿಯ ಕೆಲಸಕ್ಕೆ ಸಿಕ್ಕಿದ್ದು ಸುಮಾರು ಒಂದು ಲಕ್ಷ ಡಾಲರ್. ಅದು ಕನಿಷ್ಠ ದರಕ್ಕಿಂತ ಹೆಚ್ಚಿನ ಸಂಭಾವನೆಯೇ. ಅವರ ದೂರು ಆ ಮೊತ್ತದ ಮೇಲೆ ಇರಲಿಲ್ಲ. ಆಟ ಎಷ್ಟು ಮಾರಾಟವಾದರೂ, ತಮ್ಮ ದನಿ ಯಾವ ಜಾಹೀರಾತಿನಲ್ಲಿ ಕೇಳಿಸಿದರೂ ಮುಂದಕ್ಕೆ ಒಂದು ಕಾಸೂ ಬರುವುದಿಲ್ಲವಲ್ಲ, ಅಂತಹ ಒಪ್ಪಂದವನ್ನು ತಮ್ಮ ಸಂಘವೇ ಒಪ್ಪಿಕೊಂಡಿದೆಯಲ್ಲ ಎಂಬುದು ಅವರ ನೋವಾಗಿತ್ತು.

2016ರ ಅಕ್ಟೋಬರ್ 21ರಂದು ಮೊದಲ ದೊಡ್ಡ ಮುಷ್ಕರ ಶುರುವಾಗಿ 340 ದಿನ ನಡೆಯಿತು. ಆಗಿನ ಸೆಷನ್ ದರ 825.50 ಡಾಲರ್. ಸಂಘ ಕೇಳಿದ್ದು ಇಷ್ಟು: ಆಟ ಪ್ರತಿ 20 ಲಕ್ಷ ಪ್ರತಿ ಮಾರಾಟವಾದಾಗ ಒಂದು ಸೆಷನ್‌ಗೆ ಸಮನಾದ ಬೋನಸ್, ಅದೂ 80 ಲಕ್ಷ ಪ್ರತಿಗಳವರೆಗೆ ಮಾತ್ರ. ಎಂದರೆ ಗರಿಷ್ಠ ನಾಲ್ಕು ಸಲ, ಒಬ್ಬರಿಗೆ 3,302 ಡಾಲರ್. ಒಂದು ಆಟದಲ್ಲಿ ಐವತ್ತು ಕಲಾವಿದರು ಇದ್ದಾರೆಂದು ಹಿಡಿದರೂ ಒಟ್ಟು 1,65,100 ಡಾಲರ್ ಆಗುತ್ತದೆ. 60 ಡಾಲರ್ ಬೆಲೆಯ 80 ಲಕ್ಷ ಪ್ರತಿಗಳ ಮಾರಾಟ 48 ಕೋಟಿ ಡಾಲರ್. ನೂರು ಡಾಲರ್‌ನ ವಹಿವಾಟಿನಲ್ಲಿ ಮೂರೂವರೆ ಸೆಂಟ್‌ಗೂ ಕಡಿಮೆ ಇರುವ ಒಂದು ಬೇಡಿಕೆಗಾಗಿ ಹನ್ನೊಂದು ತಿಂಗಳು ಎರಡೂ ಕಡೆಯವರು ಪಟ್ಟು ಹಿಡಿದರು ಎಂದರೆ, ವಿವಾದ ಹಣದ ಗಾತ್ರದ್ದಾಗಿರಲಿಲ್ಲ, ಆಟದ ಯಶಸ್ಸಿನ ಮೇಲೆ ಕಲಾವಿದನಿಗೆ ಹಕ್ಕಿದೆಯೇ ಎಂಬ ತತ್ತ್ವದ್ದಾಗಿತ್ತು.

ಕೊನೆಗೆ ಆದ ರಾಜಿ ಆ ತತ್ತ್ವವನ್ನು ಬದಿಗೆ ಸರಿಸಿತು. ಬೋನಸ್ ಬಂತು, ಆದರೆ ಮಾರಾಟವನ್ನು ನೋಡಿ ಅಲ್ಲ, ಸೆಷನ್‌ಗಳ ಸಂಖ್ಯೆ ನೋಡಿ: ಮೊದಲ ಸೆಷನ್‌ಗೆ 75 ಡಾಲರ್‌ನಿಂದ ಆರಂಭವಾಗಿ ಹತ್ತು ಸೆಷನ್ ಮುಗಿಸಿದವರಿಗೆ ಒಟ್ಟು 2,100 ಡಾಲರ್. ಹತ್ತು ದಿನ ಕೆಲಸ ಮಾಡಿದವರಿಗೆ ಇದು ಗೌರವದ ಹೆಚ್ಚಳವೇ ಸರಿ. ಆದರೆ ಒಂದೇ ದಿನ ಹೋಗಿ ಯುದ್ಧಭೂಮಿಯಲ್ಲಿ ಸಾಯುವ ಇಪ್ಪತ್ತು ಸೈನಿಕರ ಕೂಗನ್ನು ಕೂಗಿ ಬಂದವರಿಗೆ ಸಿಕ್ಕ ಬೋನಸ್ 75 ಡಾಲರ್ ಮಾತ್ರ. ಈ ಕೂಗಿನ ಕೆಲಸವನ್ನು ಹೊರಗಿನವರು ಹಗುರವಾಗಿ ಎಣಿಸುತ್ತಾರೆ. ಬೆಂಕಿಯಲ್ಲಿ ಸಾಯುವುದು, ಎತ್ತರದಿಂದ ಬೀಳುವುದು, ಕತ್ತು ಹಿಸುಕಿಸಿಕೊಳ್ಳುವುದು, ಪ್ರತಿಯೊಂದಕ್ಕೂ ಐದಾರು ಬಗೆಯ ಕಿರುಚಾಟ ಬೇಕು, ಗಂಟೆಗಟ್ಟಲೆ. ಗಂಟಲ ತಂತುಗಳಿಗೆ ಪೆಟ್ಟಾಗಿ ವಾರಗಟ್ಟಲೆ ಬೇರೆ ಕೆಲಸ ಕಳೆದುಕೊಂಡವರಿದ್ದರು. ಅಂತಹ ಸೆಷನ್‌ಗಳನ್ನು ಎರಡು ಗಂಟೆಗೆ ಸೀಮಿತಗೊಳಿಸಿ ಎಂಬ ಬೇಡಿಕೆಗೆ 2017ರಲ್ಲಿ ಸಿಕ್ಕಿದ್ದು, ಮುಂದೆ ಕೂಡಿ ವಿಚಾರ ಮಾಡೋಣ ಎಂಬ ಭರವಸೆ ಮಾತ್ರ.

2025ರ ಒಪ್ಪಂದದಲ್ಲಿ ದರ ಕೂಡಲೇ ಶೇ 15.17ರಷ್ಟು ಏರಿತು, ಅದರ ಮೇಲೆ 2025, 2026 ಮತ್ತು 2027ರ ನವೆಂಬರ್‌ಗಳಿಗೆ ಶೇ 3ರಂತೆ ಏರಿಕೆ ಗೊತ್ತಾಯಿತು. ಆದರೆ ಮುಷ್ಕರ ಅಷ್ಟು ದಿನ ಎಳೆದದ್ದು ದರಕ್ಕಾಗಿ ಅಲ್ಲ, ಕೃತಕ ಬುದ್ಧಿಮತ್ತೆಯ ಕಾರಣಕ್ಕಾಗಿ. ಕಲಾವಿದರ ದನಿಯ ಡಿಜಿಟಲ್ ನಕಲು ಮಾಡಲು ಈಗ ಅವರ ಒಪ್ಪಿಗೆ ಬೇಕು, ಯಾವುದಕ್ಕೆ ಬಳಸುತ್ತೇವೆಂದು ತಿಳಿಸಬೇಕು, ಮುಷ್ಕರ ನಡೆಯುವಾಗ ಆ ಒಪ್ಪಿಗೆಯನ್ನು ತಡೆಹಿಡಿಯುವ ಹಕ್ಕು ಕಲಾವಿದರಿಗಿದೆ. ಆಟಗಾರನೊಡನೆ ಆ ಕ್ಷಣಕ್ಕೆ ಹೊಸ ಮಾತು ಹುಟ್ಟಿಸಿ ಆಡುವ ಪಾತ್ರಕ್ಕೆ ದನಿಯ ನಕಲನ್ನು ಬಳಸಿದರೆ ಕನಿಷ್ಠ ದರದ ಏಳೂವರೆ ಪಟ್ಟು ಕೊಡಬೇಕು. ನನ್ನ ದೃಷ್ಟಿಯಲ್ಲಿ ಇದು 2005ರಲ್ಲಿ ಸೋತ ಬೇಡಿಕೆಯೇ ಬೇರೆ ಬಾಗಿಲಿನಿಂದ ಒಳಗೆ ಬಂದದ್ದು. ದನಿಯನ್ನು ಮತ್ತೆ ಮತ್ತೆ ಬಳಸುವುದಾದರೆ ಆ ಬಳಕೆಗೆ ಬೆಲೆಯಿದೆ ಎಂದು ಕಂಪನಿಗಳು ಇಲ್ಲಿ ಒಪ್ಪಿಕೊಂಡಿವೆ. ನಿಮ್ಮ ಅಭಿಪ್ರಾಯಗಳಿಗೆ ಕಾಯುತ್ತೇನೆ.

ಪಾಲಿಗಾನ್

ಬೆಂಗಳೂರಿನಲ್ಲಿ ಗೇಮ್‌ಗಳ ಕೆಲಸ ಮಾಡಿ ಹದಿನಾಲ್ಕು ವರ್ಷವಾಯಿತು. ಲೆಕ್ಕ ಸರಿಯಾಗಿದೆ, ಆದರೆ ಅದು ಒಂದೇ ಕೋಣೆಯ ಲೆಕ್ಕ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಈ ಊರಿನ ಕಲಾವಿದರು ಜಗತ್ತಿನ ದೊಡ್ಡ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರ, ರಸ್ತೆಗಳನ್ನು ಮಾಡಿಕೊಟ್ಟಿದ್ದಾರೆ. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರ್‌ನ ಪಾಲಾಯಿತು. ನೀವು ಹೇಳಿದ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಕಂಪನಿ ಅದೇ. ಆ ಮರ ಮಾಡಿದವನಿಗೆ ಪ್ರತಿ 20 ಲಕ್ಷ ಪ್ರತಿಗೆ ಬೋನಸ್ ಕೊಡಿ ಎಂದು ಯಾರೂ ಮುಷ್ಕರ ಹೂಡಲಿಲ್ಲ. ಅವನು ಮಾಡಿದ ಮರವೂ ಮುಂದಿನ ಆಟದಲ್ಲಿ ಮತ್ತೆ ಬಳಕೆಯಾಗುತ್ತದೆ, ನಾನು ಬರೆದ ಕೋಡ್ ನಾನು ಕೆಲಸ ಬಿಟ್ಟ ಮೇಲೂ ಓಡುತ್ತಿರುತ್ತದೆ. 2016ರಲ್ಲಿ ಕಂಪನಿಗಳ ಪರ ವಕೀಲರು, ಒಂದು ಗೇಮ್ ಕಟ್ಟುವ ಒಟ್ಟು ದುಡಿಮೆಯಲ್ಲಿ ದನಿ ಕಲಾವಿದರದ್ದು ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಎಂದು ವಾದಿಸಿದ್ದರು. ಅದನ್ನು ಕೇಳಿದಾಗ ನನಗೆ ಕಂಪನಿಯ ಮೇಲೆ ಪ್ರೀತಿ ಹುಟ್ಟಲಿಲ್ಲ, ಆದರೆ ಮೂರು ವರ್ಷ ರಾತ್ರಿ ಹಗಲು ದುಡಿದವರಿಗೆ ಇಲ್ಲದ ಪಾಲು ಮೂರು ದಿನ ಬಂದು ಹೋದವರಿಗೆ ಏಕೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಇದನ್ನು ವಿರೋಧಿಸುವುದಕ್ಕಾಗಿ ಹೇಳುತ್ತಿಲ್ಲ. ನನಗೆ ನಿಜವಾಗಿಯೂ ಉತ್ತರ ಬೇಕಾಗಿದೆ.

ಲೂಪ್ ಕಲಾವಿದೆ

ಪಾಲಿಗಾನ್ ಅವರ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಗೇಮ್‌ಗೆ ದನಿ ಕೊಟ್ಟವಳಲ್ಲ. ಕನ್ನಡಕ್ಕೆ ಡಬ್ ಆಗುವ ಧಾರಾವಾಹಿಗಳು, ಸಿನಿಮಾಗಳು, ಮಕ್ಕಳ ಕಾರ್ಟೂನ್‌ಗಳು ನನ್ನ ಅನ್ನ. ಡಬ್ಬಿಂಗ್ ತಡೆಯ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ನಿಧಾನವಾಗಿ ತೆರೆದುಕೊಂಡ ಕ್ಷೇತ್ರ ಇದು. ಬೇರೆ ಭಾಷೆಗಳಲ್ಲಿ ಅಜ್ಜನ ಕಾಲದಿಂದ ಇರುವ ದರದ ಪದ್ಧತಿಗಳು ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಎಪಿಸೋಡ್‌ಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಗೊತ್ತು ಮಾಡುತ್ತಾರೆ. ಹಣ ಕೆಲವೊಮ್ಮೆ ಮೂರು ತಿಂಗಳಿಗೆ ಬರುತ್ತದೆ, ಕೆಲವೊಮ್ಮೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ಮಾಡಿ ನಾವೇ ನಾಚಿಕೊಂಡು ಸುಮ್ಮನಾಗುತ್ತೇವೆ.

ಮರ ಮಾಡಿದವರಿಗೂ ನನಗೂ ಇರುವ ವ್ಯತ್ಯಾಸ ಇದು: ಅವರಿಗೆ ತಿಂಗಳ ಸಂಬಳವಿದೆ, ಭವಿಷ್ಯ ನಿಧಿಯಿದೆ, ರಜೆಯಿದೆ. ಸಾಲದು ಎಂದರೆ ನಾನು ಒಪ್ಪುತ್ತೇನೆ, ಆದರೆ ಇದೆ. ನನಗೆ ಸ್ಟುಡಿಯೊದ ಮೈಕ್ ಮುಂದೆ ನಿಂತ ಹೊತ್ತು ಮಾತ್ರ ಕೆಲಸ. ಶೀತವಾದ ವಾರ, ಆಡಿಷನ್ ಕೊಟ್ಟು ಕಾದ ವಾರ, ಕರೆಯೇ ಬಾರದ ಆಷಾಢ, ಯಾವುದಕ್ಕೂ ಲೆಕ್ಕವಿಲ್ಲ. ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಲಿನ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ ಇಷ್ಟು ಎಂಬ ಕನಿಷ್ಠ ಗಳಿಕೆ ಸಂಘದ ಒಪ್ಪಂದದ ಕೆಲಸದಿಂದಲೇ ಬಂದಿರಬೇಕು. ನಡುವಿನ ಖಾಲಿ ತಿಂಗಳುಗಳನ್ನು ದಾಟಿಸುವ ಸೇತುವೆಯಾಗಿ ಸಿನಿಮಾ ಮತ್ತು ಟಿವಿಯಲ್ಲಿ ಮರುಪ್ರಸಾರದ ಪಾಲು ನೆರವಾಗುತ್ತದೆ. ಅದು ಪಾತ್ರದ ಮೇಲಿನ ದೊಡ್ಡಸ್ತಿಕೆಯ ಗುರುತಲ್ಲ, ಬಿಟ್ಟು ಬಿಟ್ಟು ಸಿಗುವ ಕೆಲಸದ ಗುಣಕ್ಕೆ ಕಂಡುಕೊಂಡ ಪರಿಹಾರ. ಮರ ಮಾಡಿದವರಿಗೂ ಪಾಲು ಸಿಗಬೇಕೆಂದು ನೀವು ಕೇಳಿದರೆ ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ನಿಮಗೆ ಸಿಕ್ಕಿಲ್ಲ ಎಂಬುದು ನನಗೆ ಸಿಗಬಾರದು ಎಂಬುದಕ್ಕೆ ಕಾರಣವಾಗಬಾರದು.

ಈ ಚರ್ಚೆ ನನ್ನನ್ನು ಇಷ್ಟು ತಟ್ಟುವುದಕ್ಕೆ ಬೇರೆ ಕಾರಣವಿದೆ. ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಕನ್ನಡದ ವಾಕ್ಯಗಳನ್ನು ಓದಿಸಲು ಕರೆದರು. ಐದು ದಿನ, ದಿನಕ್ಕೆ ಐದು ಗಂಟೆ; ಸಂತೋಷದಲ್ಲಿ ಓದಿ, ಸಿಟ್ಟಿನಲ್ಲಿ ಓದಿ, ಸುದ್ದಿಯಂತೆ ಓದಿ ಎಂದು ಒಂದೇ ವಾಕ್ಯವನ್ನು ಹಲವು ಬಗೆಯಲ್ಲಿ ಓದಿಸಿದರು. ಮಾಮೂಲಿ ಡಬ್ಬಿಂಗ್‌ಗಿಂತ ಹಣ ಹೆಚ್ಚು ಕೊಟ್ಟರು, ನಾನು ಖುಷಿಯಿಂದಲೇ ತೆಗೆದುಕೊಂಡೆ. ಸಹಿ ಹಾಕಿದ ಕಾಗದದಲ್ಲಿ, ಈಗ ಇರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ ಶಾಶ್ವತವಾಗಿ ಬಳಸುವ ಹಕ್ಕು ಎಂಬ ಸಾಲಿತ್ತು. ಹೋದ ವರ್ಷ ಊರಿಗೆ ಹೋಗಿದ್ದಾಗ ನನ್ನ ಅಕ್ಕ ಒಂದು ಮೊಬೈಲ್ ಆಟದ ಜಾಹೀರಾತನ್ನು ಕೇಳಿಸಿ, ಇದು ನೀನೇ ತಾನೇ ಎಂದಳು. ನಾನು ಆ ಮಾತುಗಳನ್ನು ಎಂದೂ ಆಡಿರಲಿಲ್ಲ. ದನಿ ನನ್ನದು, ನುಡಿಗಟ್ಟು ನನ್ನದಲ್ಲ, ಒಂದು ಒತ್ತಕ್ಷರ ಎಡವಿದ ರೀತಿಯೂ ನನ್ನದಲ್ಲ. ಹಣಕ್ಕಿಂತ ಮೊದಲು ನನಗೆ ಅನಿಸಿದ್ದು, ನಾನು ಆಡದ ತಪ್ಪು ಕನ್ನಡ ನನ್ನ ಹೆಸರಿಗೆ ಬಿತ್ತಲ್ಲ ಎಂಬ ಸಂಕಟ.

ಜಯನಗರದ ಓದುಗ

ದನಿ ಕಲಾವಿದರ ದೂರುಗಳೆಲ್ಲವನ್ನೂ ಹಾಗೆಯೇ ನಂಬಬೇಕೇ ಎಂದು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಬಯೊನೆಟ್ಟಾ 3 ಎಂಬ ಆಟದ ಸಂದರ್ಭದಲ್ಲಿ, ಹಿಂದಿನ ಭಾಗಗಳಲ್ಲಿ ನಾಯಕಿಗೆ ದನಿ ಕೊಟ್ಟಿದ್ದ ಹೆಲೆನಾ ಟೇಲರ್ ಅವರು ತಮಗೆ ಕೇವಲ 4,000 ಡಾಲರ್ ಕೊಡಲು ಬಂದರೆಂದು ವಿಡಿಯೊ ಮಾಡಿ, ಆಟವನ್ನು ಕೊಳ್ಳಬೇಡಿ ಎಂದು ಕರೆ ಕೊಟ್ಟರು. ನಾನು ಆ ಮಾತು ನಂಬಿ ಮುಂಗಡ ಕಾಯ್ದಿರಿಸಿದ್ದನ್ನು ರದ್ದು ಮಾಡಿದೆ. ಕೆಲವೇ ದಿನಗಳಲ್ಲಿ, ಸೆಷನ್‌ಗೆ ಮೂರರಿಂದ ನಾಲ್ಕು ಸಾವಿರದಂತೆ ಕನಿಷ್ಠ ಐದು ಸೆಷನ್‌ಗಳ ಪ್ರಸ್ತಾಪವಿತ್ತೆಂದು ಬ್ಲೂಮ್‌ಬರ್ಗ್ ವರದಿ ಮಾಡಿತು. ನಂತರ ಅವರೇ ಮೊದಲು 10,000, ಆಮೇಲೆ 15,000 ಡಾಲರ್‌ನ ಪ್ರಸ್ತಾಪ ಬಂದಿತ್ತೆಂದೂ, 4,000 ಎಂಬುದು ಆಮೇಲೆ ಕೆಲವು ಸಾಲುಗಳಿಗೆ ದನಿ ಕೊಡಲು ಕೊಡಬಂದ ಮೊತ್ತವೆಂದೂ ಹೇಳಿದರು. ಅಷ್ಟರಲ್ಲಿ ಪಾತ್ರವನ್ನು ವಹಿಸಿಕೊಂಡಿದ್ದ ಜೆನಿಫರ್ ಹೇಲ್ ಅವರಿಗೆ ಜನ ಮಾಡಿದ ನಿಂದನೆಗೆ ಕೊನೆಯಿರಲಿಲ್ಲ. ಆಕೆ ಸ್ವತಃ ದನಿ ಕಲಾವಿದರ ಹಕ್ಕುಗಳಿಗಾಗಿ ಮಾತನಾಡುತ್ತ ಬಂದವರು.

ದನಿಪೆಟ್ಟಿಗೆ

ಸಂಕೋಚ ಬೇಡ. ಆ ಪ್ರಕರಣ ನನ್ನನ್ನೂ ಕಾಡಿದೆ. ಅರ್ಧ ಸತ್ಯ ಹೇಳಿದ್ದರಿಂದ ಅವರ ಬೇಡಿಕೆಗೂ ಹಾನಿಯಾಯಿತು, ಬೇರೊಬ್ಬ ಕಲಾವಿದೆಗೂ ನೋವಾಯಿತು. ಆದರೆ ಅಲ್ಲಿ ನನಗೆ ಕಾಣುವ ಮೂಲ ಕಾಯಿಲೆ ಗೋಪ್ಯತೆ. ಯಾರಿಗೆ ಎಷ್ಟು ಕೊಡುತ್ತಾರೆಂದು ಯಾರಿಗೂ ಗೊತ್ತಿಲ್ಲದ ಕ್ಷೇತ್ರದಲ್ಲಿ ಒಬ್ಬರು ಒಂದು ಅಂಕಿ ಹೇಳಿದರೆ ಅದನ್ನು ತೂಗಲು ನಮ್ಮ ಬಳಿ ತಕ್ಕಡಿಯೇ ಇರುವುದಿಲ್ಲ. ಅದೇ ವಾರಗಳಲ್ಲಿ ಷಾನ್ ಚಿಪ್‌ಲಾಕ್ ಎಂಬ ಕಲಾವಿದರು, ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಮೂರು ಪಾತ್ರಗಳಿಗೆ ದನಿ ಕೊಟ್ಟದ್ದಕ್ಕೆ ತಮಗೆ ಒಟ್ಟು ಎರಡರಿಂದ ಮೂರು ಸಾವಿರ ಡಾಲರ್ ಸಿಕ್ಕಿತ್ತೆಂದು ಬಹಿರಂಗವಾಗಿ ಹೇಳಿದರು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದ ಆಟ ಅದು. ಅಂತಹ ನೇರ ಅಂಕಿಗಳು ಹತ್ತು ಜನರಿಂದ ಬಂದಿದ್ದರೆ ಟೇಲರ್ ಅವರ ವಿಡಿಯೊ ಒಂದೇ ದಿನದಲ್ಲಿ ಸರಿಯಾದ ಅಳತೆಗೆ ಸಿಗುತ್ತಿತ್ತು. 2016ರ ಮುಷ್ಕರದ ಬೇಡಿಕೆಗಳಲ್ಲಿ, ಯಾವ ಆಟಕ್ಕೆ, ಯಾವ ಪಾತ್ರಕ್ಕೆ ಎಂದು ಮೊದಲೇ ತಿಳಿಸಿ ಎಂಬುದೂ ಒಂದಾಗಿತ್ತು ಎಂಬುದನ್ನು ನೆನಪಿಡೋಣ. ಗುಪ್ತನಾಮದ ಆಟಕ್ಕೆ ಸಹಿ ಹಾಕಿದವರು ಅದರ ಹಿಂದಿನ ಭಾಗ ಎಷ್ಟು ಗಳಿಸಿತ್ತು ಎಂದು ನೋಡಿ ದರ ಕೇಳುವುದಾದರೂ ಹೇಗೆ?

ಪಾಲಿಗಾನ್

ಲೂಪ್ ಕಲಾವಿದೆಯವರ ಬರಹವನ್ನು ಎರಡು ಸಲ ಓದಿದೆ. ನನ್ನ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಸಿಕ್ಕಿತು, ಸಂಬಳದವನ ಕಣ್ಣಿನಿಂದ ನೋಡುತ್ತಿದ್ದೆ ಎಂದು ಒಪ್ಪುತ್ತೇನೆ. ಒಂದು ವಿಷಯವನ್ನು ಒಳಗಿನಿಂದ ಸೇರಿಸಬಲ್ಲೆ. ಕೃತಕ ದನಿಯನ್ನು ಬಳಸುವ ಎಲ್ಲರೂ ಕದಿಯುತ್ತಿಲ್ಲ. ಸೈಬರ್‌ಪಂಕ್ 2077 ಆಟಕ್ಕೆ ನಂತರ ಸೇರಿಸಿದ ವಿಸ್ತರಣಾ ಭಾಗದಲ್ಲಿ, ತೀರಿಕೊಂಡ ಪೋಲೆಂಡಿನ ನಟ ಮಿವೊಗೊಸ್ತ್ ರೆಚೆಕ್ ಅವರ ದನಿಯನ್ನು ಕುಟುಂಬದ ಒಪ್ಪಿಗೆ ಪಡೆದೇ ಮರುಸೃಷ್ಟಿಸಿದರು, ಅದಕ್ಕೆ ಇನ್ನೊಬ್ಬ ನಟ ಅಭಿನಯವನ್ನೂ ಕೊಟ್ಟರು. ಆದರೆ 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಆಟದೊಳಗೆ ಸ್ಟಾರ್ ವಾರ್ಸ್ ಸಿನಿಮಾಗಳ ಖಳ ಡಾರ್ತ್ ವೇಡರ್ ಕೃತಕ ದನಿಯಲ್ಲಿ ಆಟಗಾರರೊಡನೆ ಮಾತನಾಡಲು ಬಂದಾಗ, ಆ ಪಾತ್ರದ ಮೂಲ ದನಿಯಾಗಿದ್ದ ದಿವಂಗತ ಜೇಮ್ಸ್ ಅರ್ಲ್ ಜೋನ್ಸ್ ಅವರ ಕುಟುಂಬ ಒಪ್ಪಿದ್ದರೂ ಸಂಘ ದೂರು ದಾಖಲಿಸಿತು. ಮೊದಲಿಗೆ ನನಗೆ ಅದು ಅತಿಯೆನಿಸಿತ್ತು. ಸಂಘದ ವಾದ ಜೋನ್ಸ್ ಅವರ ಕುಟುಂಬದ ವಿರುದ್ಧ ಇರಲಿಲ್ಲ, ಆ ಪಾತ್ರದ ದನಿಯನ್ನು ಅನುಕರಿಸಿ ಗೇಮ್‌ಗಳಲ್ಲಿ ದುಡಿಯುತ್ತಿದ್ದ ಬೇರೆ ಕಲಾವಿದರ ಕೆಲಸವನ್ನು ಮಾತುಕತೆಯೇ ಇಲ್ಲದೆ ಕಿತ್ತುಕೊಂಡರು ಎಂಬುದಾಗಿತ್ತು. ಒಬ್ಬರ ಒಪ್ಪಿಗೆ ಇನ್ನೊಬ್ಬರ ಅನ್ನವನ್ನು ಮುಟ್ಟುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಕಾನೂನು ಕಟ್ಟೆ

ಲೂಪ್ ಕಲಾವಿದೆಯವರು ಹೇಳಿದ ಆ ಸಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಕಲಾವಿದ ತಾನೇ ಬಂದು ಮಾಡಬಹುದಾಗಿದ್ದ ಕೆಲಸದ ಬದಲಿಗೆ ಅವನ ಡಿಜಿಟಲ್ ನಕಲನ್ನು ಬಳಸಲು ಅವಕಾಶ ಕೊಡುವ ಕರಾರಿನಲ್ಲಿ ಆ ಬಳಕೆ ಯಾವುದು ಎಂಬ ಸ್ಪಷ್ಟ ವಿವರಣೆ ಇರದಿದ್ದರೆ, ಮತ್ತು ಸಹಿ ಹಾಕುವಾಗ ಕಲಾವಿದನ ಪರ ವಕೀಲರಾಗಲಿ ಸಂಘವಾಗಲಿ ಇರದಿದ್ದರೆ, ಆ ಕರಾರಿನ ಆ ಭಾಗ ಊರ್ಜಿತವಾಗುವುದಿಲ್ಲ. ಎಲ್ಲ ಮಾಧ್ಯಮ, ಎಲ್ಲ ಕಾಲ ಎಂಬ ಸಾಲಿಗೆ ನೇರ ಉತ್ತರ ಇದು. ನ್ಯೂಯಾರ್ಕಿನಲ್ಲಿ ಇಬ್ಬರು ದನಿ ಕಲಾವಿದರು 2024ರಲ್ಲಿ ಕೃತಕ ದನಿ ತಯಾರಿಸುವ ಲೊವೊ ಎಂಬ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಒಬ್ಬರಿಗೆ 1,200 ಡಾಲರ್, ಇನ್ನೊಬ್ಬರಿಗೆ 400 ಡಾಲರ್ ಕೊಟ್ಟು, ಸಂಶೋಧನೆಗೆಂದೋ ಪರೀಕ್ಷೆಗೆಂದೋ ಹೇಳಿ ಓದಿಸಿದ ದನಿಯನ್ನು ಮಾರಾಟಕ್ಕಿಟ್ಟರು ಎಂಬುದು ಅವರ ಆರೋಪ. 2025ರ ಜುಲೈನಲ್ಲಿ ನ್ಯಾಯಾಲಯ ಅವರ ಕೆಲವು ವಾದಗಳನ್ನು ತಳ್ಳಿಹಾಕಿದರೂ ಕರಾರು ಉಲ್ಲಂಘನೆಯ ಮತ್ತು ಆ ರಾಜ್ಯದ ನಾಗರಿಕ ಹಕ್ಕುಗಳ ವಾದ ಮುಂದುವರಿಯಲು ಬಿಟ್ಟಿತು. ಬಳಕೆ ಯಾವುದಕ್ಕೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಂಡದ್ದೇ ಅವರಿಗೆ ಆಸರೆಯಾಯಿತು.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕುಗಳನ್ನು ಕೊಟ್ಟಿದೆ. ಪ್ರದರ್ಶನದ ವಾಣಿಜ್ಯ ಬಳಕೆಯಾದಾಗ ರಾಯಧನ ಪಡೆಯುವ ಹಕ್ಕು 38ಎ ಕಲಮಿನಲ್ಲಿದೆ. ತನ್ನ ಹೆಸರು ಹೇಳಿಸಿಕೊಳ್ಳುವ ಮತ್ತು ತನ್ನ ಪ್ರದರ್ಶನವನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು 38ಬಿ ಕಲಮಿನಲ್ಲಿದೆ. ಆದರೆ ಪ್ರದರ್ಶಕ ಎಂದರೆ ಯಾರು ಎಂಬ ವ್ಯಾಖ್ಯೆಗೆ ಒಂದು ಷರತ್ತು ಅಂಟಿಕೊಂಡಿದೆ. ಚಲನಚಿತ್ರದಲ್ಲಿ ಸಾಂದರ್ಭಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸದ ವ್ಯಕ್ತಿಯನ್ನು 38ಬಿ ಕಲಮಿನಲ್ಲಿರುವ ವಿರೂಪ ತಡೆಯುವ ಹಕ್ಕಿನ ಹೊರತು ಬೇರೆ ಯಾವುದಕ್ಕೂ ಪ್ರದರ್ಶಕನೆಂದು ಎಣಿಸುವುದಿಲ್ಲ. ಡಬ್ಬಿಂಗ್ ಕಲಾವಿದರ ಹೆಸರು ಪರದೆಯ ಮೇಲೆ ಬರುವುದು ಎಷ್ಟು ಅಪರೂಪವೆಂದು ನಿಮಗೆ ಗೊತ್ತು. ಆ ಎರಡು ಸೆಕೆಂಡಿನ ಹೆಸರು ಮರ್ಯಾದೆಯ ವಿಷಯವಷ್ಟೇ ಅಲ್ಲ, ಸಣ್ಣ ಪಾತ್ರ ಮಾಡಿದವರಿಗೆ ಮುಂದೆ ರಾಯಧನ ಕೇಳಲು ಇರುವ ಆಧಾರ. ದೆಹಲಿ ಹೈಕೋರ್ಟು 2023ರಲ್ಲಿ ಅನಿಲ್ ಕಪೂರ್ ಅವರಿಗೆ, ಬಾಂಬೆ ಹೈಕೋರ್ಟು 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಅವರಿಗೆ ದನಿಯ ದುರ್ಬಳಕೆಯಿಂದ ರಕ್ಷಣೆ ಕೊಟ್ಟಿವೆ. ಸ್ವಾಗತಾರ್ಹ. ಆದರೆ ಅವರ ದನಿಯನ್ನು ದೇಶವೇ ಗುರುತಿಸುತ್ತದೆ. ನಿಮ್ಮ ದನಿಯನ್ನು ಗುರುತಿಸಿದ್ದು ನಿಮ್ಮ ಅಕ್ಕ.

ನನ್ನ ಸಲಹೆ ದರದ ಬಗ್ಗೆ ಅಲ್ಲ. ಮುಂದಿನ ಕಾಗದ ಬಂದಾಗ ಮೂರು ವಾಕ್ಯಗಳನ್ನು ಸೇರಿಸಿ ಎಂದು ಕೇಳಿ: ಈ ಧ್ವನಿಮುದ್ರಣವನ್ನು ಇಂಥ ಹೆಸರಿನ ಈ ಒಂದು ಕೆಲಸಕ್ಕೆ ಮಾತ್ರ ಬಳಸತಕ್ಕದ್ದು, ಕಲಾವಿದರ ಹೆಸರನ್ನು ಪಟ್ಟಿಯಲ್ಲಿ ನೀಡತಕ್ಕದ್ದು, ಯಂತ್ರಕ್ಕೆ ದನಿ ಕಲಿಸಲು ಅಥವಾ ಕೃತಕ ದನಿ ತಯಾರಿಸಲು ಪ್ರತ್ಯೇಕ ಲಿಖಿತ ಒಪ್ಪಿಗೆ ಮತ್ತು ಪ್ರತ್ಯೇಕ ಸಂಭಾವನೆ ಇಲ್ಲದೆ ಬಳಸತಕ್ಕದ್ದಲ್ಲ.

ಲೂಪ್ ಕಲಾವಿದೆ (ಹನ್ನೆರಡು ದಿನಗಳ ನಂತರ)

ಕಾನೂನು ಕಟ್ಟೆಯವರ ಮೂರೂ ವಾಕ್ಯಗಳನ್ನು ಹಾಗೆಯೇ ಬರೆದುಕೊಂಡೆ. ಈ ಸಲ ಕರೆ ಬಂದದ್ದು ಕನ್ನಡಕ್ಕೆ ಡಬ್ ಆಗುವ ಒಂದು ಕಾರ್ಟೂನ್ ಸರಣಿಗೆ. ಮೊದಲ ಎರಡು ವಾಕ್ಯಗಳನ್ನು ಅವರು ಒಂದೇ ಫೋನಿನಲ್ಲಿ ಒಪ್ಪಿಕೊಂಡರು, ಹೆಸರು ಹಾಕುವುದಕ್ಕೆ ಇಷ್ಟು ದಿನ ಯಾರೂ ಕೇಳಿರಲಿಲ್ಲ ಎಂದರು. ಮೂರನೆಯದಕ್ಕೆ, ಇದು ಮುಂಬಯಿಯಿಂದ ಬರುವ ಕರಡು, ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬಂತು. ನಾನು ಇನ್ನೂ ಸಹಿ ಹಾಕಿಲ್ಲ, ಧ್ವನಿಮುದ್ರಣ ಬರುವ ಗುರುವಾರ ಇದೆ. ಅದೇ ಪಾತ್ರಕ್ಕೆ ಆಡಿಷನ್ ಕೊಟ್ಟಿದ್ದ ಇನ್ನಿಬ್ಬರಿಗೆ ಫೋನ್ ಮಾಡಿ ಆ ವಾಕ್ಯವನ್ನು ಕಳಿಸಿದೆ. ಒಬ್ಬರು, ತಮ್ಮನ್ನು ಕರೆದರೆ ತಾವೂ ಅದನ್ನೇ ಕೇಳುವುದಾಗಿ ಹೇಳಿದರು. ಇನ್ನೊಬ್ಬರು, ಮಗಳ ಕಾಲೇಜು ಫೀಸಿನ ತಿಂಗಳು ಇದು, ಅವರು ಕಳಿಸಿದ ಕಾಗದಕ್ಕೆ ಸಹಿ ಹಾಕಿ ಕೊಡುವುದಾಗಿ ಆಗಲೇ ಮಾತು ಕೊಟ್ಟಿದ್ದೇನೆ ಎಂದರು. ಅವರನ್ನು ದೂರುವ ಮನಸ್ಸು ನನಗೆ ಬರಲಿಲ್ಲ.